ಇಂಗ್ಲಿಷ್ ಪದ ಪಾಠ: ‘ರಿಪೀಟ್’



 

ಈ ಸಂಚಿಕೆಗೆ ‘ಪ್ರಿಪೊಸಿಷನ್’ ಬಗ್ಗೆ ಬರೆಯುವುದಾಗಿ ಸಂಪಾದಕ ಮಂಡಳಿಯ ಮಕ್ಕಳಿಗೆ ಮಾತು ಕೊಟ್ಟಿದ್ದೆ. ಆದರೆ ಕಳೆದ ವಾರ ಸ್ಟಾಫ್ ರೂಮಿಗೆ ಬಂದ ಒಬ್ಬ ಹುಡುಗನಿಂದಾಗಿ ವಿಷಯ ಬದಲಾಯಿತು. ದ್ವಿತೀಯ ಪಿಯುಸಿ ಪರೀಕ್ಷೆ-1ರಲ್ಲಿ ಅವನು ಎಲ್ಲ ವಿಷಯಗಳಲ್ಲಿ ಪಾಸಾಗಿದ್ದಾನೆ, ಇಂಗ್ಲಿಷ್ ಒಂದು ಉಳಿದಿದೆ. ಪರೀಕ್ಷೆ-2ರ ಅರ್ಜಿಯ ವಿವರ ಕೇಳಲು ಬಂದಿದ್ದ. ಎಲ್ಲ ಹೇಳಿದ ಮೇಲೂ ಅವನು ಹೋಗಲಿಲ್ಲ.

“ಸರ್, ಇದರಲ್ಲಿ ‘ರಿಪೀಟರ್’ ಅಂತ ಬರೆಯಲೇಬೇಕಾ? ಬೇರೆ ಪದ ಇಲ್ವಾ?” ಎಂದು ಕೇಳಿದ.

“ಯಾಕೆ? ಅದರಲ್ಲೇನಿದೆ?” ಎಂದೆ.

“ಮನೆಯಲ್ಲಿ, ರಿಕ್ಷಾ ಸ್ಟ್ಯಾಂಡಿನಲ್ಲಿ ಎಲ್ಲರೂ ಹಾಗೇ ಕರೀತಾರೆ ಸರ್. ದಮ್ಮಾಮ್‌ನಲ್ಲಿ ಮಾವನ ಅಂಗಡಿ ಇದೆ. ಅಲ್ಲಿಗೆ ಹೋದರೆ ಯಾರೂ ಹಾಗೆ ಕರೆಯುವುದಿಲ್ಲ.”

ಆಗ ಬೆಲ್ ಆಯಿತು. ನನಗೆ ತರಗತಿ ಇತ್ತು. “ನಾಳೆ ಬಾ” ಎಂದು ಕಳಿಸಿದೆ. ಆದರೆ ಅವನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಒಂದು ಪದಕ್ಕೆ ಹೆದರಿ ಒಬ್ಬ ಹುಡುಗ ಓದು ಬಿಡುವುದಾದರೆ ಆ ಪದದ ಅರ್ಥವನ್ನು ಸರಿಯಾಗಿ ತಿಳಿಸುವುದು ಇಂಗ್ಲಿಷ್ ಮೇಷ್ಟ್ರ ಕೆಲಸ. ಅದಕ್ಕಾಗಿ ಈ ಪಾಠ. ಪರೀಕ್ಷೆಗೆ ಬೇಕಾದ ವ್ಯಾಕರಣವೂ ಇದರಲ್ಲಿದೆ, ಕೊನೆಯವರೆಗೆ ಓದಿ.

ಪದದ ಒಳಗೆ ಏನಿದೆ?

‘ರಿಪೀಟ್’ ಲ್ಯಾಟಿನ್ ಮೂಲದ ಪದ. ಅದರಲ್ಲಿ ಎರಡು ಭಾಗಗಳಿವೆ. ‘ರಿ’ ಎಂದರೆ ಮತ್ತೆ. ಉಳಿದ ಭಾಗ ‘ಪೆಟೆರೆ’ ಎಂಬ ಕ್ರಿಯಾಪದದಿಂದ ಬಂದದ್ದು. ಅದರ ಅರ್ಥ ಅರಸು, ಬೇಡು, ಒಂದು ಗುರಿಯತ್ತ ಹೋಗು.

ಇದೇ ‘ಪೆಟೆರೆ’ಯಿಂದ ಹುಟ್ಟಿದ ಬೇರೆ ಪದಗಳು ನಿಮಗೆ ಗೊತ್ತಿರುವಂಥವೇ. ‘ಪಿಟಿಷನ್’ ಎಂದರೆ ಬೇಡಿಕೆಯ ಅರ್ಜಿ. ‘ಕಂಪೀಟ್’ ಎಂದರೆ ಸ್ಪರ್ಧಿಸು, ಅಂದರೆ ಹಲವರು ಒಂದೇ ಗುರಿಯನ್ನು ಒಟ್ಟಿಗೆ ಅರಸುವುದು. ‘ಅಪಿಟೈಟ್’ ಎಂದರೆ ಹಸಿವು, ಅನ್ನವನ್ನು ಅರಸುವ ದೇಹದ ಬಯಕೆ. ಇವೆಲ್ಲ ಒಂದೇ ಕುಟುಂಬದ ಪದಗಳು.

ಹಾಗಾದರೆ ‘ರಿಪೀಟ್’ ಪದದ ಬೇರಿನ ಅರ್ಥ ‘ಮತ್ತೆ ಅರಸು’ ಎಂದಾಯಿತು. ಈಗ ನಾವು ಅದನ್ನು ‘ಮತ್ತೆ ಹೇಳು’, ‘ಮತ್ತೆ ಮಾಡು’ ಎಂಬ ಅರ್ಥದಲ್ಲಿ ಬಳಸುತ್ತೇವೆ.

ನಮ್ಮ ಪತ್ರಿಕೆಗಳು ಇದಕ್ಕೆ ‘ಪುನರಾವರ್ತಿತ’ ಎಂದು ಬರೆಯುತ್ತವೆ. ಅದು ಸಂಸ್ಕೃತ ಮೂಲದ್ದು. ‘ಆವರ್ತ’ ಎಂದರೆ ಸುತ್ತು. ನೀರಿನ ಸುಳಿಗೂ ಆವರ್ತ ಎನ್ನುತ್ತಾರೆ. ಎರಡು ಭಾಷೆಗಳು ಒಂದೇ ವಿಷಯವನ್ನು ಎರಡು ರೀತಿಯಲ್ಲಿ ನೋಡಿವೆ. ಒಂದರಲ್ಲಿ ಇದ್ದಲ್ಲೇ ಸುತ್ತುವ ಚಿತ್ರ, ಇನ್ನೊಂದರಲ್ಲಿ ಸಿಗದೆ ಉಳಿದದ್ದನ್ನು ಮತ್ತೆ ಹುಡುಕಿ ಹೊರಡುವ ಚಿತ್ರ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ರೂಪಗಳು ಮತ್ತು ಸ್ಪೆಲಿಂಗ್

‘ರಿಪೀಟ್’ ಕ್ರಿಯಾಪದವೂ ಹೌದು, ನಾಮಪದವೂ ಹೌದು. ಟಿವಿಯಲ್ಲಿ ಹಳೆಯ ಕಾರ್ಯಕ್ರಮ ಮತ್ತೆ ಬಂದರೆ ಅದು ‘ಎ ರಿಪೀಟ್’. ಭೂತಕಾಲದ ರೂಪ ‘ರಿಪೀಟೆಡ್’. ‘ರಿಪೀಟೆಡ್ಲಿ’ ಎಂದರೆ ಪದೇ ಪದೇ.

ಕ್ರಿಯೆಯ ಹೆಸರು ‘ರೆಪಿಟಿಷನ್’. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಪ್ರತಿ ವರ್ಷ ಉತ್ತರ ಪತ್ರಿಕೆಗಳಲ್ಲಿ ‘ರಿಪೀಟೇಷನ್’ ಎಂದು ಬರೆದದ್ದನ್ನು ನೋಡುತ್ತೇನೆ. ಅಂಥ ಪದ ಇಂಗ್ಲಿಷಿನಲ್ಲಿ ಇಲ್ಲ. ‘ರಿಪೀಟ್’ನಲ್ಲಿ ಪಿ ಆದ ಮೇಲೆ ಇ, ಎ ಎಂಬ ಎರಡು ಅಕ್ಷರಗಳಿವೆ. ‘ರೆಪಿಟಿಷನ್’ನಲ್ಲಿ ಎ ಬಿಟ್ಟುಹೋಗುತ್ತದೆ. ಅದರ ಸ್ಪೆಲಿಂಗ್: ಆರ್, ಇ, ಪಿ, ಇ, ಟಿ, ಐ, ಟಿ, ಐ, ಓ, ಎನ್. ಉಚ್ಚಾರದಲ್ಲಿಯೂ ವ್ಯತ್ಯಾಸವಿದೆ. ‘ರಿಪೀಟ್’ ಎನ್ನುವಾಗ ಒತ್ತು ‘ಪೀಟ್’ ಮೇಲೆ, ‘ರೆಪಿಟಿಷನ್’ ಎನ್ನುವಾಗ ಒತ್ತು ನಡುವಿನ ‘ಟಿ’ ಮೇಲೆ.

‘ರಿಪೆಟಿಟಿವ್’ ಎಂಬುದು ಗುಣವಾಚಕ. ಒಂದೇ ಕೆಲಸವನ್ನು ದಿನವಿಡೀ ಮಾಡುವುದು ‘ರಿಪೆಟಿಟಿವ್ ವರ್ಕ್’. ಈ ಪದದಲ್ಲಿ ಸಾಮಾನ್ಯವಾಗಿ ಸ್ವಲ್ಪ ಬೇಸರದ ಧ್ವನಿ ಇರುತ್ತದೆ.

ಬಳಸುವುದು ಹೇಗೆ?

ತರಗತಿಯಲ್ಲಿ ಒಂದು ಮಾತು ಕೇಳಿಸದಿದ್ದರೆ ನಿಮ್ಮಲ್ಲಿ ಹಲವರು “ವಾಟ್ ಸರ್?” ಎನ್ನುತ್ತೀರಿ. ತಪ್ಪೇನಲ್ಲ, ಆದರೆ ಸಂದರ್ಶನದಲ್ಲಿ ಅದು ಒರಟಾಗಿ ಕೇಳುತ್ತದೆ. “ಕುಡ್ ಯೂ ರಿಪೀಟ್ ದ್ಯಾಟ್, ಪ್ಲೀಸ್?” ಎನ್ನಿ. ಇದೊಂದು ವಾಕ್ಯ ಬಾಯಿಗೆ ಬಂದರೆ ಎಲ್ಲಿಯೂ ಗೌರವದಿಂದ ಮಾತಾಡಬಹುದು.

“ರಿಪೀಟ್ ಆಫ್ಟರ್ ಮಿ” ಎಂದರೆ ನಾನು ಹೇಳಿದ ನಂತರ ನೀವು ಹೇಳಿ. “ಡೋಂಟ್ ರಿಪೀಟ್ ದಿಸ್ ಟು ಎನಿವನ್” ಎಂದರೆ ಈ ಮಾತನ್ನು ಬೇರೆಯವರಿಗೆ ಹೇಳಬೇಡ. ಇಲ್ಲಿ ‘ರಿಪೀಟ್’ಗೆ ಗುಟ್ಟನ್ನು ಹೊರಗೆ ಹಾಕುವ ಅರ್ಥ ಬಂತು. “ಹಿ ಈಸ್ ರಿಪೀಟಿಂಗ್ ಹಿಮ್‌ಸೆಲ್ಫ್” ಎಂದರೆ ಅವನು ಹೇಳಿದ್ದನ್ನೇ ಹೇಳುತ್ತಿದ್ದಾನೆ. “ಹಿಸ್ಟರಿ ರಿಪೀಟ್ಸ್ ಇಟ್‌ಸೆಲ್ಫ್” ಎಂಬ ಮಾತನ್ನು ನೀವು ಕೇಳಿಯೇ ಇದ್ದೀರಿ.

ಸಾಮಾನ್ಯ ತಪ್ಪುಗಳ ವಿಷಯಕ್ಕೆ ಬರೋಣ. “ಪ್ಲೀಸ್ ರಿಪೀಟ್ ಅಗೇನ್” ಎನ್ನುತ್ತೇವೆ. ‘ರಿ’ಯಲ್ಲಿಯೇ ‘ಮತ್ತೆ’ ಇದೆ, ‘ಅಗೇನ್’ ಎಂದರೂ ‘ಮತ್ತೆ’. ಹಾಗಾಗಿ ಅದು ‘ಮತ್ತೆ ಮತ್ತೆ ಹೇಳಿ’ ಎಂದ ಹಾಗಾಯಿತು. ಈಗಾಗಲೇ ಒಮ್ಮೆ ರಿಪೀಟ್ ಮಾಡಿದವರನ್ನು ಮೂರನೆಯ ಸಲ ಹೇಳಿಸುವಾಗ ಮಾತ್ರ ‘ಅಗೇನ್’ ಒಪ್ಪುತ್ತದೆ. ‘ರಿಟರ್ನ್ ಬ್ಯಾಕ್’, ‘ರಿಪ್ಲೈ ಬ್ಯಾಕ್’ ಎಂಬುವೂ ಇದೇ ಜಾತಿಯ ತಪ್ಪುಗಳು. ‘ರಿಟರ್ನ್’ ಎಂದರೆ ಸಾಕು, ‘ರಿಪ್ಲೈ’ ಎಂದರೆ ಸಾಕು.

ನೆರೆಹೊರೆಯ ಪದಗಳು

‘ಮತ್ತೆ’ ಎಂಬ ಅರ್ಥದ ಪದಗಳು ಇಂಗ್ಲಿಷಿನಲ್ಲಿ ಬಹಳ ಇವೆ, ಆದರೆ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

ರಿಕರ್: ತಾನಾಗಿಯೇ ಮತ್ತೆ ಬರುವುದು. ಮೂಲದಲ್ಲಿ ‘ಮತ್ತೆ ಓಡಿ ಬರು’ ಎಂಬ ಅರ್ಥ. 1ನ್ನು 3ರಿಂದ ಭಾಗಿಸಿದರೆ 0.333… ಎಂದು ಮುಗಿಯದೆ ಬರುತ್ತದಲ್ಲ, ಅದು ‘ರಿಕರಿಂಗ್ ಡೆಸಿಮಲ್’. ಜ್ವರ ‘ರಿಕರ್’ ಆಗುತ್ತದೆ, ಯಾರೂ ಅದನ್ನು ‘ರಿಪೀಟ್’ ಮಾಡುವುದಿಲ್ಲ. ‘ರಿಪೀಟ್’ ಮಾಡುವುದಕ್ಕೆ ಸಾಮಾನ್ಯವಾಗಿ ಒಬ್ಬ ಕರ್ತೃ ಬೇಕು.

ರೀಇಟರೇಟ್: ಒತ್ತಿ ಹೇಳುವುದಕ್ಕಾಗಿ ಮತ್ತೆ ಹೇಳುವುದು. ಭಾಷಣ, ಪತ್ರ, ಸುದ್ದಿಗಳ ಪದ. ಮಾತಿಗೆ ಮಾತ್ರ ಬಳಸಬೇಕು, ಕೆಲಸಕ್ಕೆ ಅಲ್ಲ. ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳಿಗೆ ಇದರ ತಮ್ಮ ‘ಇಟರೇಷನ್’ ಗೊತ್ತು. ಲೂಪ್ ಒಂದು ಸುತ್ತು ಬಂದರೆ ಅದು ಒಂದು ಇಟರೇಷನ್.

ರಿವೈಸ್: ಮೂಲಾರ್ಥ ‘ಮತ್ತೆ ನೋಡು’. ಬರೆದದ್ದನ್ನು ಮತ್ತೆ ನೋಡಿ ತಿದ್ದುವುದೂ ರಿವೈಸ್, ಪರೀಕ್ಷೆಗೆ ಮೊದಲು ಓದಿದ್ದನ್ನು ಮತ್ತೆ ನೋಡುವುದೂ ರಿವೈಸ್. ‘ರಿವಿಷನ್’ ಎಂದು ನಾವು ಹೇಳುವುದು ಬ್ರಿಟಿಷ್ ಬಳಕೆ.

ರಿಹರ್ಸ್: ನಾಟಕ, ಭಾಷಣಗಳ ತಾಲೀಮು. ಇದರ ಮೂಲ ಹಳೆಯ ಫ್ರೆಂಚ್. ಉತ್ತ ಹೊಲದಲ್ಲಿ ಹಲುಬೆಯನ್ನು ಮತ್ತೊಮ್ಮೆ ಎಳೆಯುವುದು ಎಂಬ ಅರ್ಥ ಅದರಲ್ಲಿದೆ. ಹೆಂಟೆ ಒಡೆದು ಮಣ್ಣು ಹದವಾಗಲು ಒಂದು ಸಲ ಎಳೆದರೆ ಸಾಲದು. ರೈತರ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ರಿಫ್ರೈನ್: ಹಾಡಿನಲ್ಲಿ ಮತ್ತೆ ಮತ್ತೆ ಬರುವ ಸಾಲು, ನಮ್ಮ ಪಲ್ಲವಿಯ ಹಾಗೆ. ಇದೇ ಸ್ಪೆಲಿಂಗಿನ ಕ್ರಿಯಾಪದ ‘ರಿಫ್ರೈನ್ ಫ್ರಮ್’ ಎಂದರೆ ದೂರವಿರು. “ರಿಫ್ರೈನ್ ಫ್ರಮ್ ಸ್ಮೋಕಿಂಗ್” ಎಂಬಲ್ಲಿ ಪಲ್ಲವಿಗೆ ಸಂಬಂಧವಿಲ್ಲ. ಎರಡರ ಮೂಲವೂ ಬೇರೆ ಬೇರೆ.

ಎನ್‌ಕೋರ್: ಸಭಿಕರು ಹಾಡನ್ನು ಮತ್ತೆ ಹಾಡಿಸಲು ಕೂಗುವ ಪದ. ಇದು ಫ್ರೆಂಚ್ ಪದ, ಆದರೆ ಫ್ರೆಂಚರು ಇಂಥಲ್ಲಿ ಕೂಗುವುದು ‘ಬಿಸ್’ ಎಂದು! ನಮ್ಮ ಕಂಪನಿ ನಾಟಕಗಳ ಕಾಲದಲ್ಲಿ ಜನ ‘ವನ್ಸ್ ಮೋರ್’ ಎನ್ನುತ್ತಿದ್ದರು. ಉರ್ದು ಮುಶಾಯಿರಾದಲ್ಲಿ ಒಳ್ಳೆಯ ಶೇರ್ ಬಂದಾಗ ‘ಮುಕರ್ರರ್’ ಎನ್ನುತ್ತಾರೆ. ಅಲ್ಲಿ ಮತ್ತೆ ಹೇಳಿಸಿಕೊಳ್ಳುವುದು ಕವಿಗೆ ದೊಡ್ಡ ಮರ್ಯಾದೆ.

ಕನ್ನಡದ ದ್ವಿರುಕ್ತಿ, ಇಂಗ್ಲಿಷಿನ ತೊಂದರೆ

ಹೈಸ್ಕೂಲಿನಲ್ಲಿ ನೀವು ದ್ವಿರುಕ್ತಿ ಓದಿದ್ದೀರಿ. ಕನ್ನಡದಲ್ಲಿ ಪದವನ್ನು ಎರಡು ಸಲ ಹೇಳುವುದು ತಪ್ಪಲ್ಲ, ಅದು ವ್ಯಾಕರಣ. ಆದರೆ ಅದನ್ನು ಹಾಗೆಯೇ ಇಂಗ್ಲಿಷಿಗೆ ಒಯ್ದರೆ ಕೆಡುತ್ತದೆ.

‘ಬಿಸಿ ಬಿಸಿ ದೋಸೆ’ಯನ್ನು ‘ಹಾಟ್ ಹಾಟ್ ದೋಸೆ’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ‘ಪೈಪಿಂಗ್ ಹಾಟ್’.

‘ಸಣ್ಣ ಸಣ್ಣ ಮಕ್ಕಳು’ ಎಂಬುದಕ್ಕೆ ‘ಸ್ಮಾಲ್ ಚಿಲ್ಡ್ರನ್’ ಸಾಕು. ಹಲವರು ಎಂಬುದನ್ನು ಬಹುವಚನವೇ ಹೇಳುತ್ತದೆ.

‘ಮನೆ ಮನೆಗೆ ಹೋದರು’ ಎಂಬುದು ‘ದೇ ವೆಂಟ್ ಫ್ರಮ್ ಹೌಸ್ ಟು ಹೌಸ್’.

‘ಒಂದೊಂದು ಪುಸ್ತಕ ತೆಗೆದುಕೊಳ್ಳಿ’ ಎಂಬುದು ‘ಟೇಕ್ ಒನ್ ಬುಕ್ ಈಚ್’.

‘ಓಡಿ ಓಡಿ ಸುಸ್ತಾಯಿತು’ ಎಂಬುದು ‘ಐ ಆ್ಯಮ್ ಟಯರ್ಡ್ ಫ್ರಮ್ ಸೋ ಮಚ್ ರನ್ನಿಂಗ್’.

‘ಪುಸ್ತಕ ಗಿಸ್ತಕ’ ಎಂಬುದು ‘ಬುಕ್ಸ್ ಆ್ಯಂಡ್ ಥಿಂಗ್ಸ್’.

ಇಂಗ್ಲಿಷಿನಲ್ಲಿ ದ್ವಿರುಕ್ತಿ ಇಲ್ಲವೇ ಇಲ್ಲ ಎಂದಲ್ಲ. ಹೆಚ್ಚಾಗಿ ಅದಕ್ಕೆ ನಡುವೆ ಒಂದು ಕೊಂಡಿ ಬೇಕು. ‘ಅಗೇನ್ ಆ್ಯಂಡ್ ಅಗೇನ್’, ‘ಮೋರ್ ಆ್ಯಂಡ್ ಮೋರ್’, ‘ಸ್ಟೆಪ್ ಬೈ ಸ್ಟೆಪ್’, ‘ಒನ್ ಬೈ ಒನ್’, ‘ಡೇ ಆಫ್ಟರ್ ಡೇ’. ಕನ್ನಡದಲ್ಲಿ ಎರಡು ಪದಗಳು ಪಕ್ಕ ಪಕ್ಕ ಕೂರುತ್ತವೆ, ಇಂಗ್ಲಿಷಿನಲ್ಲಿ ನಡುವೆ ಒಬ್ಬರು ಕೂರಬೇಕು ಎಂದು ನೆನಪಿಟ್ಟರೆ ಅರ್ಧ ತಪ್ಪು ಕಡಿಮೆಯಾಗುತ್ತದೆ.

ಮತ್ತೆ ಹೇಳುವುದು ಕೀಳಲ್ಲ

ರೆಪಿಟಿಷನ್ ಎಂದರೆ ದಡ್ಡರ ಕೆಲಸ ಎಂಬ ಭಾವನೆ ನಮ್ಮಲ್ಲಿದೆ. ಆದರೆ ನಾವು ಅತ್ಯಂತ ಗೌರವಿಸುವ ವಿಷಯಗಳಲ್ಲಿಯೇ ಅದು ತುಂಬಿದೆ. ಸೂರಾ ಅರ್ರಹ್ಮಾನ್‌ನಲ್ಲಿ ಒಟ್ಟು 78 ಆಯತ್‌ಗಳು. ಅವುಗಳಲ್ಲಿ ಒಂದೇ ಆಯತ್ 31 ಸಲ ಬರುತ್ತದೆ. ಪ್ರತಿ ಸಲವೂ ಅದರ ಹಿಂದೆ ಬೇರೆ ಒಂದು ಅನುಗ್ರಹದ ಅಥವಾ ಎಚ್ಚರಿಕೆಯ ಮಾತಿರುವುದರಿಂದ ಅದೇ ಪ್ರಶ್ನೆ ಹೊಸ ಅರ್ಥದಲ್ಲಿ ಕೇಳುತ್ತದೆ. ದಿನದ ಐದು ಫರ್ಝ್ ನಮಾಝ್‌ಗಳಲ್ಲಿ 17 ರಕಅತ್‌ಗಳಿವೆ, ಪ್ರತಿ ರಕಅತ್‌ನಲ್ಲಿಯೂ ಸೂರಾ ಅಲ್‌ಫಾತಿಹಾ ಇದೆ. ಅದಕ್ಕೆ ‘ಸಬ್ಉಲ್ ಮಸಾನೀ’ ಎಂಬ ಹೆಸರೂ ಇದೆ. ಇಂಗ್ಲಿಷಿನಲ್ಲಿ ‘ಮಸಾನೀ’ಯನ್ನು ಹಲವರು ‘ಆಫ್ಟ್-ರಿಪೀಟೆಡ್’ ಎಂದು ಅನುವಾದಿಸುತ್ತಾರೆ. ‘ರಿಪೀಟೆಡ್’ ಎಂಬುದು ಅಲ್ಲಿ ಹೊಗಳಿಕೆಯ ಪದ.

ಕನ್ನಡದ ಕಡೆಗೆ ನೋಡಿ. ಬಸವಣ್ಣನವರ ವಚನಗಳ ಕೊನೆಗೆ ‘ಕೂಡಲಸಂಗಮದೇವ’ ಎಂಬ ಅಂಕಿತ ಬರುತ್ತಲೇ ಇರುತ್ತದೆ. ಅದು ಬಂದಾಗ ಮಾತು ಯಾರದೆಂದು ನಮಗೆ ಗೊತ್ತಾಗುತ್ತದೆ. ಶಿಶುನಾಳ ಶರೀಫರ ತತ್ವಪದಗಳಲ್ಲಿ ಪಲ್ಲವಿ ಮರಳಿ ಬಂದಾಗಲೆಲ್ಲ ಭಜನೆಗೆ ಕೂತವರೆಲ್ಲ ದನಿಗೂಡಿಸುತ್ತಾರೆ. ಒಬ್ಬರ ಹಾಡು ಎಲ್ಲರ ಹಾಡಾಗುವುದು ಅಲ್ಲಿಯೇ.

ಕಲಿಕೆಯ ವಿಷಯದಲ್ಲಿಯೂ ಹಾಗೆಯೇ. ಹರ್ಮನ್ ಎಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸರು ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇವೆ ಎಂದು ಅಳೆದರು. ಅವರ ಪುಸ್ತಕ 1885ರಲ್ಲಿ ಪ್ರಕಟವಾಯಿತು. ಒಂದೇ ದಿನ ಕೂತು ಹತ್ತಾರು ಸಲ ಓದುವುದಕ್ಕಿಂತ ಕೆಲವು ದಿನಗಳಿಗೆ ಹಂಚಿ ಓದಿದರೆ ಹೆಚ್ಚು ನೆನಪುಳಿಯುತ್ತದೆ ಎಂದು ಅವರು ಕಂಡುಕೊಂಡರು. ಹಿಫ್ಝ್ ಮಾಡುವ ಮಕ್ಕಳ ಉಸ್ತಾದರನ್ನು ಕೇಳಿ ನೋಡಿ. ಹೊಸ ಸಬಕ್ ಕೊಡುವ ದಿನವೂ ಹಳೆಯದನ್ನು ಓದಿಸದೆ ಬಿಡುವುದಿಲ್ಲ. ಹಾಫಿಝ್ ಆದ ಮೇಲೂ ದೌರ್ ನಿಲ್ಲುವುದಿಲ್ಲ.

ಹುಡುಗನಿಗೆ ನಾನು ಹೇಳಿದ್ದು

ಮರುದಿನ ಅವನು ಬಂದ. ಇಷ್ಟೆಲ್ಲ ಹೇಳಿದೆ. ಅವನು ಕೇಳಿಸಿಕೊಂಡು, “ಲ್ಯಾಟಿನ್ ಅರ್ಥ ರಿಕ್ಷಾ ಸ್ಟ್ಯಾಂಡಿನವರಿಗೆ ಗೊತ್ತಿಲ್ವಲ್ಲ ಸರ್” ಎಂದ.

ಅವನ ಮಾತು ನಿಜ. ಪದದ ಬೇರು ಏನೇ ಇರಲಿ, ಜನ ಬಳಸುವ ರೀತಿಯೇ ಅದರ ಈಗಿನ ಅರ್ಥ. ಇದು ಭಾಷೆಯ ನಿಯಮ, ನಾನೇ ತರಗತಿಯಲ್ಲಿ ಹೇಳಿಕೊಟ್ಟದ್ದು. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಹಾಗಾಗಿ ಈ ಕಾಲೇಜಿನಲ್ಲಿ ಇದುವರೆಗೆ ಯಾರಿಗೂ ಹೇಳದ ಒಂದು ವಿಷಯವನ್ನು ಹೇಳಿದೆ. ಅವನಿಗೆ ಹೇಳಿದ್ದನ್ನು ಈಗ ನಿಮಗೂ ಹೇಳುತ್ತಿದ್ದೇನೆ.

ನನ್ನ ದ್ವಿತೀಯ ಪಿಯುಸಿಯ ಅಂಕಪಟ್ಟಿಗಳು ಎರಡಿವೆ. ಮೊದಲನೆಯದರಲ್ಲಿ ಇಂಗ್ಲಿಷಿಗೆ 27 ಅಂಕ, ಪಾಸಾಗಲು ಬೇಕಿದ್ದದ್ದು 35. ನಾನೂ ರಿಪೀಟರ್, ಅದೂ ಈಗ ನಾನು ಕಲಿಸುವ ವಿಷಯದಲ್ಲಿಯೇ. ಇಷ್ಟು ವರ್ಷ ಇದನ್ನು ಮುಚ್ಚಿಟ್ಟದ್ದು ನಾಚಿಕೆಯಿಂದ. ನೀವು ನನ್ನ ಪಾಠವನ್ನು ಲಘುವಾಗಿ ತೆಗೆದುಕೊಳ್ಳುತ್ತೀರಿ ಎಂಬ ಹೆದರಿಕೆ ಇತ್ತು. ಆದರೆ ಮೇಷ್ಟ್ರೇ ಮುಚ್ಚಿಟ್ಟರೆ ಆ ಪದ ಬೈಗುಳವಾಗಿಯೇ ಉಳಿಯುತ್ತದೆ ಎಂದು ಆ ಹುಡುಗನ ಮುಖ ನೋಡಿದಾಗ ಅನಿಸಿತು.

ಒಂದು ಮಾತು ಮಾತ್ರ ಸ್ಪಷ್ಟವಾಗಿರಲಿ. ಎರಡನೆಯ ಸಲ ನಾನು ಪಾಸಾದದ್ದು ಮತ್ತೆ ಪರೀಕ್ಷೆಗೆ ಕೂತದ್ದರಿಂದ ಅಲ್ಲ. ಮೊದಲ ಸಲ ಗೈಡಿನ ಉತ್ತರಗಳನ್ನು ಅರ್ಥ ತಿಳಿಯದೆ ಬಾಯಿಪಾಠ ಮಾಡಿದ್ದೆ. ಪ್ರಶ್ನೆ ಸ್ವಲ್ಪ ತಿರುಗಿ ಬಂದಾಗ ಕೈ ನಿಂತಿತು. ಎರಡನೆಯ ಸಲ ಪಾಠದ ಒಂದೊಂದು ಪ್ಯಾರಾ ಓದಿ, ಪುಸ್ತಕ ಮುಚ್ಚಿ, ನನ್ನ ಮಾತಿನಲ್ಲಿ ಐದು ವಾಕ್ಯ ಬರೆಯುತ್ತಿದ್ದೆ. ತಪ್ಪೇ ಬರುತ್ತಿತ್ತು. ಎರಡು ದಿನ ಬಿಟ್ಟು ಅದನ್ನೇ ಮತ್ತೆ ಬರೆಯುತ್ತಿದ್ದೆ. ತಪ್ಪು ಕಡಿಮೆಯಾಗುತ್ತಿತ್ತು. ಕಂಪ್ಯೂಟರ್ ಲೂಪಿನಲ್ಲಿ ಪ್ರತಿ ಸುತ್ತಿಗೂ ಏನಾದರೊಂದು ಬದಲಾಗಬೇಕು. ಏನೂ ಬದಲಾಗದಿದ್ದರೆ ಅದು ಮುಗಿಯುವುದೇ ಇಲ್ಲ. ಹಳೆಯ ರೀತಿಯಲ್ಲಿಯೇ ಓದಿ ಮತ್ತೆ ಬರೆದರೆ ಫೇಲ್ ಆಗುವುದು ‘ರಿಕರ್’ ಆಗುತ್ತದೆ. ರೀತಿ ಬದಲಿಸಿ ಬರೆದರೆ ಮಾತ್ರ ಅದು ನಿಜವಾದ ‘ರಿಪೀಟ್’, ಮತ್ತೆ ಅರಸುವುದು.

ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಪಾಸಾದವರೂ ಹೆಚ್ಚು ಅಂಕಕ್ಕಾಗಿ ಮತ್ತೆ ಬರೆಯುತ್ತಾರೆ. ಅವರನ್ನು ನಾವು ಹೀಯಾಳಿಸುವುದಿಲ್ಲ, ‘ಇಂಪ್ರೂವ್‌ಮೆಂಟ್‌ಗೆ ಬರೆಯುತ್ತಿದ್ದಾನೆ’ ಎನ್ನುತ್ತೇವೆ. ಇಬ್ಬರೂ ಮಾಡುತ್ತಿರುವುದು ಒಂದೇ ಕೆಲಸ. ರಿಕ್ಷಾ ಸ್ಟ್ಯಾಂಡಿನವರ ಬಾಯಿ ನನ್ನ ಕೈಯಲ್ಲಿಲ್ಲ. ಆದರೆ ನಮ್ಮ ಕಾರಿಡಾರಿನಲ್ಲಿ ಈ ಪದವನ್ನು ಹೇಗೆ ಹೇಳಬೇಕು ಎಂಬುದು ನಮ್ಮೆಲ್ಲರ ಕೈಯಲ್ಲಿದೆ.

ಹುಡುಗ ಅರ್ಜಿ ತುಂಬಿದ್ದಾನೆ. ದಮ್ಮಾಮ್‌ನ ಮಾತು ಬಿಟ್ಟಿದ್ದಾನೋ ಇಲ್ಲವೋ ನಾನು ಕೇಳಿಲ್ಲ. ದಿನಾ ಸಂಜೆ ನಾಲ್ಕಕ್ಕೆ ಐದು ವಾಕ್ಯ ಬರೆದು ತರುತ್ತಾನೆ. ನಿನ್ನೆಯ ಐದರಲ್ಲಿ ಮೂರು ಸರಿ ಇದ್ದವು. ಅವನಿಗಾಗಿ ದುಆ ಮಾಡಿ. ಅವನ ಜೊತೆ ಕೂತು ಓದಲು ಇಷ್ಟವಿದ್ದವರು ಸಂಜೆ ಸ್ಟಾಫ್ ರೂಮಿಗೆ ಬನ್ನಿ.

ಅಭ್ಯಾಸ

ಕೆಳಗಿನವುಗಳನ್ನು ಸರಿಪಡಿಸಿ. ಉತ್ತರ ನೋಡುವ ಮೊದಲು ಬರೆದು ನೋಡಿ.

1. ಪ್ಲೀಸ್ ರಿಪೀಟ್ ದಿ ಕ್ವೆಶ್ಚನ್ ಅಗೇನ್.
2. ಶಿ ರಿಟರ್ನ್ಡ್ ಬ್ಯಾಕ್ ಟು ಮಂಗಳೂರು.
3. ರಿಪೀಟೇಷನ್ ಹೆಲ್ಪ್ಸ್ ಮೆಮೊರಿ.
4. ದಿ ಫೀವರ್ ರಿಪೀಟೆಡ್ ಆಫ್ಟರ್ ಎ ವೀಕ್.
5. ವಿ ಸಾ ಸ್ಮಾಲ್ ಸ್ಮಾಲ್ ಬೋಟ್ಸ್.

ಉತ್ತರ: 1. ‘ಅಗೇನ್’ ಬೇಡ. 2. ‘ಬ್ಯಾಕ್’ ಬೇಡ. 3. ‘ರೆಪಿಟಿಷನ್’ ಎಂದಾಗಬೇಕು. 4. ‘ರಿಕರ್ಡ್’ ಎಂದಾಗಬೇಕು. 5. ಒಂದೇ ‘ಸ್ಮಾಲ್’ ಸಾಕು.

ಐದಕ್ಕೆ ಐದು ಸರಿ ಬರದಿದ್ದರೆ ಬೇಸರ ಬೇಡ. ಎರಡು ದಿನ ಬಿಟ್ಟು ಮತ್ತೊಮ್ಮೆ ಬರೆಯಿರಿ.